ಹಳೇ ಜೆನ್‌ಗೆ ಮೂರು ಮುಳ್ಳು: ಆಯಿಲ್ ಪ್ರೆಶರ್, ಟೆಂಪರೇಚರ್, ವೋಲ್ಟ್ ಗೇಜ್ ಕೂರಿಸಿದ ಲೆಕ್ಕ

ಅಪ್ಪ 1997ರಲ್ಲಿ ತೆಗೆದುಕೊಂಡ ಮಾರುತಿ ಜೆನ್ ಇನ್ನೂ ನಮ್ಮನೆ ಮುಂದೆಯೇ ನಿಲ್ಲುತ್ತದೆ. 993 ಸಿಸಿ, ಕಾರ್ಬ್ಯುರೇಟರ್ ಗಾಡಿ. 2024ರ ಏಪ್ರಿಲ್‌ನಲ್ಲಿ ಅದರ ಎಂಜಿನ್ ನನ್ನ ಕೈಯಲ್ಲೇ ಕೆಟ್ಟಿತು. ಸಿಲ್ಕ್ ಬೋರ್ಡ್ ಹತ್ತಿರ ಮುಕ್ಕಾಲು ಗಂಟೆ ತೆವಳುತ್ತಿದ್ದೆ. ರೇಡಿಯೇಟರ್ ಫ್ಯಾನಿನ ರಿಲೇ ಹಳೆಯದಾಗಿ ಕೈಕೊಟ್ಟಿತ್ತು, ನನಗೆ ಗೊತ್ತಾಗಲಿಲ್ಲ. ಡ್ಯಾಶ್‌ಬೋರ್ಡಿನ ಪುಟ್ಟ ಮುಳ್ಳಿನ ಮೇಲೆ ಕಣ್ಣು ಬೀಳುವಷ್ಟರಲ್ಲಿ ಬಾನೆಟ್ ಸಂದಿಯಿಂದ ಹಬೆ ಬರುತ್ತಿತ್ತು. ಈ ಎಂಜಿನ್ ಪೂರ್ತಿ ಅಲ್ಯುಮಿನಿಯಂ. ಎಂಜಿನ್ನಿನ ಮೇಲ್ಭಾಗವಾದ ಹೆಡ್ ಬಾಗಿತ್ತು, ಅದರ ಕೆಳಗಿನ ಗ್ಯಾಸ್ಕೆಟ್ ಹೋಗಿತ್ತು. ಹೆಡ್ ಫೇಸಿಂಗ್ (ಬಾಗಿದ್ದನ್ನು ಉಜ್ಜಿ ಸಮ ಮಾಡುವುದು) ಸೇರಿ 16,800 ರೂಪಾಯಿ, ಹನ್ನೊಂದು ದಿನ ಗ್ಯಾರೇಜ್ ವಾಸ. ಅಪ್ಪ ಒಂದು ಮಾತೂ ಬೈಯಲಿಲ್ಲ. ಅದೇ ನನಗೆ ಜಾಸ್ತಿ ಚುಚ್ಚಿತು.

ಅವತ್ತೇ ತೀರ್ಮಾನ ಮಾಡಿದ್ದೆ, ಅಂಕಿ ತೋರಿಸುವ ಗೇಜ್ ಹಾಕಬೇಕು ಅಂತ. ಮಾಡಿದ್ದು ಮಾತ್ರ 2025ರ ಜನವರಿಯಲ್ಲಿ. ಎಲ್ಲೆಲ್ಲಿ ಎಡವಿದೆ ಅನ್ನುವುದನ್ನೂ ಬಿಡದೆ ಬರೆದಿದ್ದೇನೆ. ಗೇಜ್ ಕೂರಿಸಲು ಹೊರಟವರಿಗೆ ಆ ಭಾಗವೇ ಬೇಕಾಗುತ್ತದೆ.

ಜನವರಿ 11, ಶನಿವಾರ: ಸಾಮಾನು

ಜೆ.ಸಿ. ರಸ್ತೆಯಲ್ಲಿ ನಾಲ್ಕು ಅಂಗಡಿ ಸುತ್ತಿದೆ. ಮೂರು ಗೇಜಿನ ಸೆಟ್ 3,900 ರೂಪಾಯಿಗೆ ಸಿಕ್ಕಿತು. ಒಂದೊಂದೂ 52 ಮಿಲಿಮೀಟರ್ ಅಗಲ. ಸೆನ್ಸರ್‌ಗಳು ಜೊತೆಗೇ ಬರುತ್ತವೆ. ಅಂಗಡಿಯವರು ಮೆಕ್ಯಾನಿಕಲ್ ಆಯಿಲ್ ಗೇಜ್ ಕೂಡ ತೋರಿಸಿದರು, ಬೆಲೆ ಕಮ್ಮಿ. ಅದರಲ್ಲಿ ಸಣ್ಣ ಪೈಪಿನೊಳಗೆ ಬಿಸಿ ಆಯಿಲ್ಲೇ ಕಾರಿನ ಒಳಗೆ, ಗೇಜ್ ತನಕ ಬರುತ್ತದೆ. ಪೈಪ್ ಬಿಟ್ಟರೆ ಕಾಲ ಮೇಲೆ ಸುರಿಯುತ್ತದೆ. ಬೇಡ ಅಂದೆ. ಎಲೆಕ್ಟ್ರಿಕ್ ಗೇಜ್ ಆದರೆ ಒಳಗೆ ಬರುವುದು ವೈರ್ ಮಾತ್ರ.

ಹಿತ್ತಾಳೆ ಟಿ (ಮೂರು ಬಾಯಿಯ ಜೋಡಣೆ) ಒಂದು, 180 ರೂಪಾಯಿ. ಆಯಿಲ್ ಪ್ರೆಶರ್ ಇಲ್ಲದಾಗ ಡ್ಯಾಶ್‌ಬೋರ್ಡಿನ ಕೆಂಪು ಲೈಟ್ ಹತ್ತಿಸುವ ಕಾರಿನ ಮೂಲ ಆಯಿಲ್ ಸ್ವಿಚ್ಚನ್ನೂ ಹೊಸ ಸೆನ್ಸರನ್ನೂ ಒಂದೇ ತೂತಿಗೆ ಸೇರಿಸಲು ಬೇಕು. ಕೆಂಪು ಲೈಟ್ ಕಿತ್ತು ಹಾಕಿ ಗೇಜ್ ಒಂದನ್ನೇ ನಂಬುವುದು ನನಗೆ ಸರಿ ಕಾಣಲಿಲ್ಲ. ಟೆಂಪರೇಚರ್ ಸೆನ್ಸರ್ ಕೂರಿಸಲು ರೇಡಿಯೇಟರ್ ಮೇಲಿನ ಹೋಸಿನ ನಡುವೆ ಹಾಕುವ ಅಲ್ಯುಮಿನಿಯಂ ಅಡಾಪ್ಟರ್, 350. ಇಲ್ಲಿ ಮೊದಲ ತಪ್ಪು. ಹೋಸಿಗೆ ದಾರ ಸುತ್ತಿ, ಅಳೆದು, 3.14ರಿಂದ ಭಾಗಿಸಿ 38 ಮಿಮೀ ಅಂತ ಬರೆದುಕೊಂಡು ಹೋಗಿದ್ದೆ. 38ರ ಅಡಾಪ್ಟರ್ ತಂದೆ. ಅದು ಹೋಸಿನ ಹೊರಗಿನ ಅಳತೆ. ಅಡಾಪ್ಟರ್ ಕೂರುವುದು ಒಳಗೆ. ರಬ್ಬರಿನ ದಪ್ಪ ಎರಡೂ ಕಡೆ 4 ಮಿಮೀ, ಅಂದರೆ ಬೇಕಾಗಿದ್ದದ್ದು 30. ಬಿಲ್ ಇಲ್ಲದೆ ವಾಪಸ್ ತೆಗೆದುಕೊಳ್ಳಲಿಲ್ಲ.

ವೈರು ಎಸ್.ಪಿ. ರಸ್ತೆಯಿಂದ. 1 ಚದರ ಮಿಮೀ ದಪ್ಪದ್ದು, ನಾಲ್ಕು ಬಣ್ಣ, ಐದೈದು ಮೀಟರ್, 420. ಫ್ಯೂಸ್ ಹೋಲ್ಡರ್, ಲಗ್, ಶಾಖಕ್ಕೆ ಕುಗ್ಗುವ ಸ್ಲೀವ್ ಎಲ್ಲಾ ಸೇರಿ 240.

ಜನವರಿ 12, ಭಾನುವಾರ: ಅಡುಗೆಮನೆ

ಕಾರಿಗೆ ಹಾಕುವ ಮುಂಚೆ ಟೆಂಪರೇಚರ್ ಗೇಜ್ ನಿಜ ಹೇಳುತ್ತಾ ನೋಡಬೇಕಿತ್ತು. ಯುಪಿಎಸ್‌ನ ಹಳೇ 12 ವೋಲ್ಟ್ ಬ್ಯಾಟರಿ ಅಡುಗೆ ಕಟ್ಟೆ ಮೇಲಿಟ್ಟೆ. ಗೇಜಿನ ಕೆಂಪು ವೈರ್ ಪ್ಲಸ್‌ಗೆ, ಕಪ್ಪು ಮೈನಸ್‌ಗೆ, ಸಿಗ್ನಲ್ ವೈರ್ ಸೆನ್ಸರ್ ತಲೆಗೆ. ಸೆನ್ಸರಿನ ಹಿತ್ತಾಳೆ ಮೈಗೆ ಇನ್ನೊಂದು ವೈರ್ ಕ್ಲಿಪ್ ಮಾಡಿ ಮೈನಸ್‌ಗೆ ಕೊಟ್ಟೆ. ಪಾತ್ರೆಯಲ್ಲಿ ನೀರು ಕಾಯಲು ಇಟ್ಟು ಸೆನ್ಸರಿನ ತುದಿಯನ್ನಷ್ಟೇ ಮುಳುಗಿಸಿದೆ. ಪಕ್ಕದಲ್ಲಿ ಅಡುಗೆಯ ಡಿಜಿಟಲ್ ಥರ್ಮಾಮೀಟರ್. ಅಮ್ಮ ಬಂದು, "ಹಾಲು ಕಾಯಿಸೋ ಪಾತ್ರೆ ಕಣೋ ಅದು" ಅಂದರು. ಬೇರೆ ಪಾತ್ರೆ ಕೊಟ್ಟರು.

60 ಡಿಗ್ರಿಯಲ್ಲಿ ಗೇಜ್ 61 ತೋರಿಸಿತು. 80ಕ್ಕೆ 80. ಕೊತಕೊತ ಕುದಿಯುವಾಗ ಮುಳ್ಳು 97ರಲ್ಲಿ ನಿಂತುಬಿಟ್ಟಿತು. ಎರಡು ನಿಮಿಷ ಕಾದೆ, ಅಲ್ಲಾಡಲಿಲ್ಲ. ಮೂರು ಡಿಗ್ರಿ ಕಮ್ಮಿ ತೋರಿಸುತ್ತಿದೆ, ಸೆಟ್ ವಾಪಸ್ ಕೊಡಬೇಕು ಅಂದುಕೊಂಡೆ. ಅಕ್ಕನ ಮಗಳು ಒಂಬತ್ತನೇ ಕ್ಲಾಸು. ನೋಡುತ್ತಾ ನಿಂತಿದ್ದವಳು, "ಮಾಮ, ನಮ್ಮೂರು ಎತ್ತರದಲ್ಲಿದೆ ಅಲ್ವಾ, ಇಲ್ಲಿ ನೀರು 100ಕ್ಕೆ ಕುದಿಯಲ್ಲ" ಅಂದಳು. ಹೌದು, ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರಿಗೂ ಮೇಲಿದೆ. ಇಲ್ಲಿ ನೀರು ಕುದಿಯುವುದು ಸುಮಾರು 97ಕ್ಕೇ. ಥರ್ಮಾಮೀಟರ್ ನೋಡಿದರೆ ಅದೂ 96.8. ಗೇಜ್ ಸರಿ ಇತ್ತು. ನಮ್ಮೂರಲ್ಲಿ ಈ ಪರೀಕ್ಷೆ ಮಾಡುವವರು ಇದನ್ನು ನೆನಪಿಟ್ಟುಕೊಳ್ಳಿ. (ಕಾರಿನಲ್ಲಿ 97 ದಾಟಿದ ಕೂಡಲೇ ಕುದಿಯುತ್ತೆ ಅಂತ ಹೆದರಬೇಡಿ. ರೇಡಿಯೇಟರ್ ಕ್ಯಾಪ್ ಒತ್ತಡ ಹಿಡಿಯುವುದರಿಂದ ಅಲ್ಲಿ ಕುದಿಯುವ ಮಟ್ಟ ಮೇಲಿರುತ್ತದೆ.)

ಜನವರಿ 14, ಸಂಕ್ರಾಂತಿ: ಪ್ಯಾನೆಲ್

ಎಳ್ಳು ಬೀರಲು ಎಲ್ಲರೂ ಹೋದ ಮೇಲೆ ಮಧ್ಯಾಹ್ನ ಕೂತೆ. ಗೇಜ್‌ಗಳನ್ನು ಡ್ಯಾಶ್‌ಬೋರ್ಡ್ ಮೇಲಿಟ್ಟು ನೋಡಿದೆ. ರಾತ್ರಿ ಅದರ ಬೆಳಕು ಮುಂದಿನ ಗಾಜಿನಲ್ಲಿ ಕಾಣುತ್ತದೆ, ಬೇಡ. ಸ್ಟೀರಿಯೋ ಕೆಳಗೆ ಹಾಕುವುದು ಅಂತಾಯಿತು. 3 ಮಿಮೀ ಅಕ್ರಿಲಿಕ್ ಹಾಳೆಯಲ್ಲಿ ತೂತು ಕೊರೆದೆ, ಮೂರನೇ ತೂತಿಗೆ ಸೀಳಿತು. 150 ರೂಪಾಯಿ ಹೋಯಿತು. 2 ಮಿಮೀ ಅಲ್ಯುಮಿನಿಯಂ ಹಾಳೆ 300ಕ್ಕೆ ತಂದು, 51ರ ಹೋಲ್‌ಸಾದಲ್ಲಿ ಕೊರೆದು, ಅರದಿಂದ 52ಕ್ಕೆ ಉಜ್ಜಿದೆ. ಚೆನ್ನಾಗಿ ಬಂತು.

ಜನವರಿ 18, ಶನಿವಾರ: ಆಯಿಲ್ ಸೆನ್ಸರ್, ಸೋರಿಕೆ

ಮೂಲ ಆಯಿಲ್ ಸ್ವಿಚ್ ಎಂಜಿನ್ ಬ್ಲಾಕ್‌ನಲ್ಲಿ ಆಯಿಲ್ ಫಿಲ್ಟರ್ ಹತ್ತಿರ ಇದೆ. ಕಾರನ್ನು ಜಾಕಿ ಮೇಲೆತ್ತಿ, ಸ್ಟ್ಯಾಂಡ್ ಕೊಟ್ಟು ಕೆಳಗೆ ಮಲಗಿದೆ. ಜಾಕಿ ಒಂದನ್ನೇ ನಂಬಿ ಯಾರೂ ಕಾರಿನ ಕೆಳಗೆ ಹೋಗಬೇಡಿ. ಸ್ವಿಚ್ ಸುಲಭವಾಗಿ ಬಿಚ್ಚಿತು. ಟಿ ಹಾಕಿದೆ. ಕೈಯಲ್ಲಿ ಎರಡು ಸುತ್ತು ಹೋಯಿತು, ಮೂರನೆಯದಕ್ಕೆ ಬಿಗಿಯಾಯಿತು. "ಎಲ್ಲಾ ಗಾಡಿಗೂ ಆಗುತ್ತೆ ಸರ್" ಅಂತ ಅಂಗಡಿಯಲ್ಲಿ ಹೇಳಿದ್ದರಲ್ಲ, ಅದನ್ನು ನಂಬಿ ಪಾನಾ ಹಾಕಿ ಇನ್ನೊಂದು ಸುತ್ತು ತಿರುಗಿಸಿದೆ. ಈ ಇಡೀ ಕೆಲಸದಲ್ಲಿ ನಾನು ಮಾಡಿದ ಅತಿ ದೊಡ್ಡ ತಪ್ಪು ಅದೇ. ಬ್ಲಾಕ್ ಅಲ್ಯುಮಿನಿಯಂ, ಟಿ ಹಿತ್ತಾಳೆ. ಜಗಳಕ್ಕೆ ಬಿಟ್ಟರೆ ಹಾಳಾಗುವುದು ಬ್ಲಾಕು.

ಸ್ಟಾರ್ಟ್ ಮಾಡಿಸಿದೆ. ಹತ್ತು ಸೆಕೆಂಡಿಗೆ ಟಿ ಬುಡದಲ್ಲಿ ಜೇನು ಬಣ್ಣದ ಒಂದು ಹನಿ ಊದಿಕೊಂಡು, ಜಾರಿ, ನನ್ನ ಮುಂಗೈ ಮೇಲೆ ಬಿತ್ತು. ಆಮೇಲೆ ಇನ್ನೊಂದು. ತಕ್ಷಣ ಆಫ್ ಮಾಡಿಸಿದೆ. ಟಿ ಬಿಚ್ಚಿ ಟಾರ್ಚ್ ಹಿಡಿದು ನೋಡಿದರೆ ತೂತಿನ ಮೊದಲ ಥ್ರೆಡ್ (ಸ್ಕ್ರೂ ಸುತ್ತು) ತುದಿ ಸ್ವಲ್ಪ ಮಡಚಿತ್ತು. ಆ ರಾತ್ರಿ ನಿದ್ದೆ ಬರಲಿಲ್ಲ.

ಜನವರಿ 20, ಸೋಮವಾರ: ಲೇತ್

ಅರ್ಧ ದಿನ ರಜ ಹಾಕಿ ಕಲಾಸಿಪಾಳ್ಯದಲ್ಲಿ ಒಬ್ಬ ಹಿರಿಯರ ಲೇತ್‌ಗೆ ಹೋದೆ. ಟಿ, ಮೂಲ ಸ್ವಿಚ್, ಹೊಸ ಸೆನ್ಸರ್ ಮೂರನ್ನೂ ಮೇಜಿನ ಮೇಲಿಟ್ಟೆ. ಯಜಮಾನರು ಮಾತಾಡಲಿಲ್ಲ. ಬಾಚಣಿಗೆ ಹಲ್ಲಿನಂತಿರುವ ಥ್ರೆಡ್ ಗೇಜ್ ತೆಗೆದು ಒಂದೊಂದಕ್ಕೂ ಇಟ್ಟು, ಬೆಳಕಿಗೆ ಹಿಡಿದು ನೋಡಿದರು. "ಇದು ಇಂಚಿಗೆ 27. ನಿಮ್ ಗಾಡೀದು 28. ಹೆಂಗೆ ಕೂರುತ್ತೆ ಹೇಳಿ?" ಅಂದರು.

ಎರಡನ್ನೂ ಅಂಗಡಿಯಲ್ಲಿ ಎಂಟನೇ ಒಂದು ಇಂಚು ಅಂತಲೇ ಕರೆಯುತ್ತಾರೆ. ಕಣ್ಣಿಗೆ ಒಂದೇ ಥರ ಕಾಣುತ್ತವೆ. ಜಪಾನ್ ಮೂಲದ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಬಿಎಸ್‌ಪಿಟಿ ಅನ್ನುವ ಬ್ರಿಟಿಷ್ ಅಳತೆ, ಇಂಚಿಗೆ 28 ಸುತ್ತು. ಹೊರಗಡೆ ಸಿಗುವ ಗೇಜ್ ಸೆನ್ಸರ್‌ಗಳಲ್ಲಿ ಹೆಚ್ಚಿನವು ಎನ್‌ಪಿಟಿ ಅನ್ನುವ ಅಮೆರಿಕನ್ ಅಳತೆ, ಇಂಚಿಗೆ 27. ಥ್ರೆಡ್ಡಿನ ಕೋನವೂ ಬೇರೆ, ಒಂದು 55 ಡಿಗ್ರಿ, ಇನ್ನೊಂದು 60. ಅದಕ್ಕೇ ಎರಡು ಸುತ್ತು ಹೋಗಿ ಹಿಡಿದುಕೊಳ್ಳುತ್ತದೆ. ಕೈಯಲ್ಲಿ ಮೂರು ನಾಲ್ಕು ಸುತ್ತು ಸಲೀಸಾಗಿ ಹೋಗದಿದ್ದರೆ ಪಾನಾ ಮುಟ್ಟಲೇಬೇಡಿ.

ಅವರು ಹಿತ್ತಾಳೆಯಲ್ಲಿ ಮೂರು ಬಾಯಿಯ ಒಂದು ತುಂಡು ಮಾಡಿಕೊಟ್ಟರು. ಬ್ಲಾಕ್ ಕಡೆ 28, ಮೂಲ ಸ್ವಿಚ್ ಕೂರುವ ಬಾಯಿ 28, ಹೊಸ ಸೆನ್ಸರ್ ಕೂರುವ ಬಾಯಿ 27. ಕೂಲಿ 600. ಮಡಚಿದ ಥ್ರೆಡ್ ಸರಿ ಮಾಡಿಕೊಳ್ಳಲು ಥ್ರೆಡ್ ಕೊರೆಯುವ ತಮ್ಮ ಟ್ಯಾಪನ್ನೂ ಒಂದು ದಿನಕ್ಕೆ ಕೊಟ್ಟರು. "ತುದಿಗೆ ಗ್ರೀಸ್ ಮೆತ್ತಿ, ಪುಡಿ ಒಳಗೆ ಬೀಳಬಾರದು" ಅಂದರು. ಕೊನೆಗೆ ಇನ್ನೊಂದು ಮಾತು: "ಇಷ್ಟು ಭಾರ ಎಂಜಿನ್‌ಗೆ ನೇರ ತೂಗುಹಾಕಬೇಡಿ. ಆಯಿಲ್ ಹೋಸ್ ಹಾಕಿ, ಗಾಡಿಯ ಬಾಡಿ ಮೇಲೆ ಕಟ್ಟಿ." ಹೋಸ್ 850 ರೂಪಾಯಿ ಅಂತ ವಿಚಾರಿಸಿಕೊಂಡು ಬಂದಿದ್ದೆ. ಆಮೇಲೆ ನೋಡೋಣ ಅಂದುಕೊಂಡೆ.

ಮಂಗಳವಾರ ಸಂಜೆ ಟ್ಯಾಪ್ ಹಾಕಿ ಥ್ರೆಡ್ ತೊಳೆದುಕೊಂಡೆ. ತುಂಡು ಕೈಯಲ್ಲೇ ನಾಲ್ಕು ಸುತ್ತು ಸಲೀಸಾಗಿ ಹೋಯಿತು. ಟೆಫ್ಲಾನ್ ಟೇಪ್ ಸುತ್ತಲಿಲ್ಲ. ಸೆನ್ಸರಿಗೆ ಅರ್ತ್ (ಕರೆಂಟ್ ಬ್ಯಾಟರಿಯ ಮೈನಸ್‌ಗೆ ವಾಪಸ್ ಹೋಗುವ ದಾರಿ) ಸಿಗುವುದು ಅದರ ಥ್ರೆಡ್ ಮೂಲಕವೇ, ಟೇಪ್ ಜಾಸ್ತಿಯಾದರೆ ಅದು ಕಡಿದುಹೋಗುತ್ತದೆ. ಥ್ರೆಡ್ ಸೀಲಂಟ್ ತೆಳುವಾಗಿ ಹಚ್ಚಿ, ಮೊದಲ ಎರಡು ಸುತ್ತು ಖಾಲಿ ಬಿಟ್ಟೆ. ಒಂದು ಹನಿಯೂ ಸೋರಲಿಲ್ಲ.

ಜನವರಿ 25 ಮತ್ತು 26: ಹೋಸ್, ವೈರಿಂಗ್

ಶನಿವಾರ 30ರ ಅಡಾಪ್ಟರ್ ತರಲು ಮತ್ತೆ ಜೆ.ಸಿ. ರಸ್ತೆ. ಲಾಲ್‌ಬಾಗ್‌ನಲ್ಲಿ ಫಲಪುಷ್ಪ ಪ್ರದರ್ಶನ, ಆ ಕಡೆ ಗಾಡಿ ಕದಲುವುದಿಲ್ಲ. ಮೆಟ್ರೋದಲ್ಲಿ ಹೋಗಿ ನಡೆದುಕೊಂಡೇ ತಂದೆ.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಕೂಲಂಟ್ (ಎಂಜಿನ್ ತಂಪಾಗಿಡುವ ದ್ರವ) ಬಕೆಟ್ಟಿಗೆ ಇಳಿಸಿದೆ. ಅದು ಸಿಹಿ, ವಿಷ. ಬೀದಿ ನಾಯಿ ನೆಕ್ಕಿದರೆ ಸತ್ತೇ ಹೋಗಬಹುದು. ಬಕೆಟ್ಟಿಗೆ ಮುಚ್ಚಳ ಹಾಕಿ, ಚೆಲ್ಲಿದ್ದನ್ನೆಲ್ಲಾ ನೀರು ಹಾಕಿ ತೊಳೆದೆ. ಅಡಾಪ್ಟರಿನ ನಡುಭಾಗ 22 ಮಿಮೀ. ಅಷ್ಟೇ ಉದ್ದ ಹೋಸ್ ಕತ್ತರಿಸಿ ತೆಗೆದು ಎರಡು ಕ್ಲಿಪ್ ಹಾಕಿದೆ. ಹೊಸ ಕೂಲಂಟ್ 640 ರೂಪಾಯಿ. ಕ್ಯಾಪ್ ತೆರೆದಿಟ್ಟು, ಹೀಟರ್ ಆನ್ ಮಾಡಿ, ಗುಳ್ಳೆ ನಿಲ್ಲುವ ತನಕ ಎಂಜಿನ್ ಓಡಿಸಿ ಗಾಳಿ ತೆಗೆದೆ. ಮಾರನೇ ಬೆಳಿಗ್ಗೆ ಕ್ಲಿಪ್‌ಗಳನ್ನು ಇನ್ನೊಮ್ಮೆ ಬಿಗಿ ಮಾಡಬೇಕಾಯಿತು, ರಬ್ಬರ್ ಸ್ವಲ್ಪ ಕೂತಿತ್ತು.

ವೈರುಗಳನ್ನು ಕಾರಿನ ಮೂಲ ವೈರಿಂಗ್ ಒಳಬರುವ ರಬ್ಬರ್ ಗ್ರಾಮೆಟ್ಟಿನಲ್ಲೇ ತೂರಿಸಿದೆ. ಹೊಸ ತೂತು ಕೊರೆದರೆ ತಗಡಿನ ಅಂಚು ವೈರ್ ಕೊಯ್ಯುತ್ತದೆ. ಕೆಂಪು ವೈರ್ ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ಜಾಗದಿಂದ, 3 ಆಂಪ್ ಫ್ಯೂಸ್ ಹಾಕಿ. ಕಿತ್ತಳೆ ಬಣ್ಣದ್ದು ಪಾರ್ಕಿಂಗ್ ಲೈಟಿಗೆ, ರಾತ್ರಿ ಗೇಜಿನ ಬೆಳಕಿಗೆ.

ಕೀ ತಿರುಗಿಸಿದೆ. ವೋಲ್ಟ್ ಬಂತು, ಆಯಿಲ್ ಬಂತು. ಟೆಂಪರೇಚರ್ ಮುಳ್ಳು ಸತ್ತ ಹಾಗೆ ಕೆಳಗೇ ಬಿದ್ದಿತ್ತು. ಎಂಜಿನ್ ಬಿಸಿಯಾಗಿ ಫ್ಯಾನ್ ಓಡಿದರೂ ಏಳಲಿಲ್ಲ. ಗೇಜ್ ಬಿಚ್ಚಿದೆ, ವೈರ್ ಎಳೆದು ನೋಡಿದೆ, ಸೆನ್ಸರ್ ಬದಲಾಯಿಸಬೇಕೇನೋ ಅಂದುಕೊಂಡೆ. ಒಂದು ಗಂಟೆ ಹೋಯಿತು. ಆಗ ಅಡುಗೆಮನೆ ನೆನಪಾಯಿತು. ಅಲ್ಲಿ ಸೆನ್ಸರ್ ಮೈಗೆ ನಾನೇ ವೈರ್ ಕ್ಲಿಪ್ ಮಾಡಿದ್ದೆ. ಇಲ್ಲಿ ಅಡಾಪ್ಟರ್ ಎರಡು ರಬ್ಬರ್ ಹೋಸಿನ ನಡುವೆ ಕೂತಿದೆ, ಎಂಜಿನ್‌ಗೆ ಎಲ್ಲೂ ತಾಗುತ್ತಿಲ್ಲ. ಅರ್ತ್ ಎಲ್ಲಿಂದ ಬರಬೇಕು? ಒಂದು ತುಂಡು ವೈರ್ ತೆಗೆದು ಅಡಾಪ್ಟರ್ ಮೈಗೂ ಬ್ಲಾಕ್ ಬೋಲ್ಟಿಗೂ ಮುಟ್ಟಿಸಿದೆ. ಒಳಗೆ ಕೂತಿದ್ದ ಅಪ್ಪ, "ಬಂತು ಬಂತು, 90" ಅಂದರು. ಅಡಾಪ್ಟರಿನ ಸಣ್ಣ ಸ್ಕ್ರೂಗೆ ಲಗ್ ಹಾಕಿ ಶಾಶ್ವತವಾಗಿ ಕಟ್ಟಿದೆ.

ಸಂಜೆ ಇನ್ನೊಂದು. ಹೆಡ್‌ಲೈಟ್ ಹಾಕಿದರೆ ಟೆಂಪರೇಚರ್ 88ರಿಂದ 95ಕ್ಕೆ ಜಿಗಿಯುತ್ತಿತ್ತು, ಆರಿಸಿದರೆ ವಾಪಸ್ 88. ನೀರು ಹಾಗೆ ಕ್ಷಣದಲ್ಲಿ ಬಿಸಿಯಾಗುವುದಿಲ್ಲ. ಗೇಜಿನ ಕಪ್ಪು ವೈರನ್ನು ಡ್ಯಾಶ್‌ಬೋರ್ಡ್ ಕೆಳಗಿನ ಒಂದು ಸ್ಕ್ರೂಗೆ ಕೊಟ್ಟಿದ್ದೆ. ಲೈಟಿನ ಅರ್ತ್ ಕೂಡ ಅದೇ ಸ್ಕ್ರೂನಲ್ಲಿತ್ತು, ಕೆಳಗೆ ತುಕ್ಕು. ಕಪ್ಪು ವೈರನ್ನು ಅಲ್ಲಿಂದ ತೆಗೆದು ಎಂಜಿನ್ ಬ್ಲಾಕ್ ತನಕ ಬೇರೆಯಾಗಿಯೇ ಎಳೆದೆ. ಜಿಗಿತ ನಿಂತಿತು.

ಗೇಜ್ ಹಾಕುವುದು ಅಂದರೆ ಎಲ್ಲರೂ ಡಯಲ್ ಯಾವ ಕಂಪನಿ, ಬೆಳಕು ನೀಲಿಯೋ ಬಿಳಿಯೋ ಅಂತ ಕೇಳುತ್ತಾರೆ. ನನಗೆ ಡಯಲ್ ಒಂದು ಸಂಜೆ ತಿಂದಿತು. ಮಿಕ್ಕ ಐದು ವಾರ ತಿಂದದ್ದು ಥ್ರೆಡ್ಡು ಮತ್ತು ಅರ್ತ್.

ಫೆಬ್ರವರಿ 16, ಭಾನುವಾರ: ಹೆಬ್ಬಾಳ

ಮೂರು ವಾರ, 610 ಕಿಲೋಮೀಟರ್ ಚೆನ್ನಾಗಿ ಓಡಿತು. ಅಂಕಿಗಳು ಬಾಯಿಪಾಠವಾಗಿದ್ದವು. ಬೆಳಿಗ್ಗೆ ತಣ್ಣನೆ ಎಂಜಿನ್‌ಗೆ ಆಯಿಲ್ ಪ್ರೆಶರ್ 60 ಪಿಎಸ್‌ಐ (ಒತ್ತಡದ ಅಳತೆ), ಬಿಸಿಯಾದ ಮೇಲೆ ಐಡಲಿಂಗ್‌ನಲ್ಲಿ, ಅಂದರೆ ಗಾಡಿ ನಿಂತು ಎಂಜಿನ್ ಮಾತ್ರ ಓಡುವಾಗ 15, ಓಡುವಾಗ 45ರ ಮೇಲೆ.

ಅವತ್ತು ಹೆಬ್ಬಾಳದ ಫ್ಲೈಓವರ್ ಲೂಪಿನಲ್ಲಿ ತಿರುಗುವಾಗ ಮುಳ್ಳು 45ರಿಂದ 20ಕ್ಕೆ ಬಿದ್ದು, ರಸ್ತೆ ನೇರವಾದ ಕೂಡಲೇ ಮೇಲೆ ಬಂತು. ಕೆಂಪು ಲೈಟ್ ಹತ್ತಲೇ ಇಲ್ಲ. ಎಡಕ್ಕೆ ಹಾಕಿ ನಿಲ್ಲಿಸಿ ಆಫ್ ಮಾಡಿದೆ. ಬಾನೆಟ್ ಎತ್ತಿದರೆ ಸುಟ್ಟ ಆಯಿಲ್ ವಾಸನೆ. ಡಿಪ್‌ಸ್ಟಿಕ್ ತುದಿಗೆ ಒಂದು ಚುಕ್ಕೆ ಆಯಿಲ್ ಮಾತ್ರ ಅಂಟಿತ್ತು. ತಿರುವಿನಲ್ಲಿ ಇದ್ದಷ್ಟು ಆಯಿಲ್ ಸಂಪ್‌ನ (ಎಂಜಿನ್ ತಳದ ಆಯಿಲ್ ತೊಟ್ಟಿಯ) ಒಂದು ಪಕ್ಕಕ್ಕೆ ಸರಿದು, ಪಂಪ್ ಗಾಳಿ ಎಳೆದುಕೊಂಡಿತ್ತು.

ಹಿತ್ತಾಳೆ ತುಂಡಿನ ಕತ್ತಿನಲ್ಲಿ ಸೋರುತ್ತಿತ್ತು. ಯಜಮಾನರು ಹೇಳಿದ್ದೇ ಆಯಿತು. ಆಮೇಲೆ ತೂಗಿ ನೋಡಿದೆ. ತುಂಡು, ಸೆನ್ಸರ್, ಸ್ವಿಚ್ ಸೇರಿ 240 ಗ್ರಾಂ. ಪೆನ್ಸಿಲಿನಷ್ಟು ಕತ್ತಿಗೆ ನೇತಾಡಿಕೊಂಡು, ಎಂಜಿನ್ ಜೊತೆ ಮೂರು ವಾರ ಅದುರಿದೆ.

ನಲವತ್ತು ನಿಮಿಷ ತಣ್ಣಗಾಗಲು ಬಿಟ್ಟೆ. 17ರ ಪಾನಾದಲ್ಲಿ, ಉಸಿರು ಬಿಗಿ ಹಿಡಿದು, ಕಾಲು ಕಾಲು ಸುತ್ತು ಬಿಚ್ಚಿದೆ. ಕತ್ತು ಮುರಿದು ಬ್ಲಾಕ್ ಒಳಗೇ ಉಳಿದಿದ್ದರೆ ಎಂಜಿನ್ ಇಳಿಸಬೇಕಾಗುತ್ತಿತ್ತೇನೋ. ಪೂರ್ತಿ ಬಂತು. ಮೂಲ ಸ್ವಿಚ್ಚನ್ನೇ ಮತ್ತೆ ತೂತಿಗೆ ಹಾಕಿ, ಗೆಳೆಯ ತಂದುಕೊಟ್ಟ ಒಂದು ಲೀಟರ್ ಆಯಿಲ್ ಸುರಿದು ಮನೆಗೆ ಬಂದೆ. ಸೀಮೆಎಣ್ಣೆಯಲ್ಲಿ ತೊಳೆದು ನೋಡಿದರೆ ಕೂದಲೆಳೆಯಂಥ ಬಿರುಕು, ಕತ್ತಿನ ಅರ್ಧ ಸುತ್ತು. ಆ ಸೋರಿಕೆ ತಂದದ್ದು ನನ್ನ ಕೆಲಸವೇ. ಹೇಳಿದ ಮಾತು ಕೇಳದೆ 850 ರೂಪಾಯಿ ಉಳಿಸಲು ಹೋಗಿ ಅಪ್ಪನ ಎಂಜಿನ್ನನ್ನು ಎರಡನೇ ಸಲ ಅಪಾಯಕ್ಕೆ ಒಡ್ಡಿದ್ದೆ.

ಫೆಬ್ರವರಿ 22, ಶನಿವಾರ: ಸರಿ ಮಾಡಿದ್ದು

ಯಜಮಾನರ ಹತ್ತಿರ ಹೋಗಿ ನಡೆದದ್ದು ಹೇಳಿದೆ. ಮುರುಕು ಕತ್ತು ಕತ್ತರಿಸಿ ಅಲ್ಲೇ ಒಳ ಥ್ರೆಡ್ ಹಾಕಿಕೊಟ್ಟರು, 200. ಬ್ಲಾಕ್‌ನಿಂದ ಅರ್ಧ ಮೀಟರಿನ ಸ್ಟೀಲ್ ಹೆಣಿಗೆಯ ಹೋಸ್. ಅದರ ತುದಿಗೆ ಈ ತುಂಡು, ತುಂಡು ಕೂತಿರುವುದು ಕಾರಿನ ಬಾಡಿ ಮೇಲೆ ಬೋಲ್ಟ್ ಮಾಡಿದ ಪಟ್ಟಿಯಲ್ಲಿ. ಈಗ ಎಂಜಿನ್ ಎಷ್ಟು ಅದುರಿದರೂ ಭಾರ ಬಾಡಿಯ ಮೇಲಿದೆ.

ಎಲ್ಲಾ ಮುಗಿಸಿ ಕೀ ತಿರುಗಿಸಿದರೆ ಕೆಂಪು ಆಯಿಲ್ ಲೈಟ್ ಹತ್ತಲಿಲ್ಲ. ಎಂಜಿನ್ ಓಡದೆ ಇರುವಾಗ ಅದು ಹತ್ತಲೇಬೇಕು. ಮತ್ತೆ ಅರ್ತ್! ಪಟ್ಟಿಗೆ ನಾನು ಚೆಂದಕ್ಕೆ ಬಳಿದಿದ್ದ ಕಪ್ಪು ಪೇಂಟ್ ಅಡ್ಡ ಬಂದಿತ್ತು. ಹಾಗೇ ಬಿಟ್ಟಿದ್ದರೆ ಪ್ರೆಶರ್ ಸೊನ್ನೆಯಾದರೂ ಆ ಲೈಟ್ ಹತ್ತುತ್ತಿರಲಿಲ್ಲ. ಪೇಂಟ್ ಕೆರೆದು, ಹಲ್ಲಿನ ವಾಷರ್ ಹಾಕಿ, ಬ್ಲಾಕ್‌ನಿಂದ ಒಂದು ಅರ್ತ್ ವೈರನ್ನೂ ಕೊಟ್ಟೆ. ಈ ಕೆಲಸ ಮಾಡುವವರು ಕೊನೆಗೆ ಕೀ ಮಾತ್ರ ತಿರುಗಿಸಿ ಕೆಂಪು ಲೈಟ್ ಹತ್ತುತ್ತಾ ನೋಡದೆ ಬಾನೆಟ್ ಮುಚ್ಚಬೇಡಿ.

ಮಾರ್ಚ್ 2, ಭಾನುವಾರ: ನಂದಿ

ಬೆಳಿಗ್ಗೆ ಅಪ್ಪನನ್ನು ಕೂರಿಸಿಕೊಂಡು ನಂದಿ ಬೆಟ್ಟ. ಅವರ ಕೈಯಲ್ಲಿ ನೋಟ್‌ಬುಕ್ಕು. ದೇವನಹಳ್ಳಿ ರಸ್ತೆಯಲ್ಲಿ 84 ಡಿಗ್ರಿ, 48 ಪಿಎಸ್‌ಐ. ಬೆಟ್ಟದ ತಿರುವುಗಳಲ್ಲಿ ಎರಡನೇ ಗೇರ್, 96. ಮೇಲೆ ನಿಲ್ಲಿಸುವಾಗ 93. ಒಂದು ತಿರುವಿನಲ್ಲೂ ಆಯಿಲ್ ಮುಳ್ಳು ಬೀಳಲಿಲ್ಲ.

ವಾಪಸ್ ಬರುವಾಗ ಮೇಖ್ರಿ ಸರ್ಕಲ್ ಟ್ರಾಫಿಕ್ಕಿನಲ್ಲಿ ಅಪ್ಪ ಒಂದು ವಿಷಯ ಕಂಡುಹಿಡಿದರು. ಟೆಂಪರೇಚರ್ 95ಕ್ಕೆ ಬಂದಾಗ ಪಕ್ಕದ ವೋಲ್ಟ್ ಮುಳ್ಳು 14ರಿಂದ ಅರ್ಧ ವೋಲ್ಟ್ ಕುಕ್ಕಿ ಕೆಳಗಿಳಿಯುತ್ತದೆ. ಫ್ಯಾನ್ ಓಡಲು ಶುರುವಾಯಿತು ಅಂತ ಅರ್ಥ. 89ಕ್ಕೆ ಬಂದಾಗ ಮುಳ್ಳು ಮತ್ತೆ ಮೇಲೆ. ಸುತ್ತ ಎಷ್ಟು ಹಾರ್ನ್ ಇದ್ದರೂ, ಫ್ಯಾನಿನ ಸದ್ದು ಕೇಳದಿದ್ದರೂ ಇದು ಕಣ್ಣಿಗೆ ಕಾಣುತ್ತದೆ. ಹೋದ ಏಪ್ರಿಲ್‌ನಲ್ಲಿ ಇಷ್ಟು ಕಂಡಿದ್ದರೆ ಸಾಕಾಗಿತ್ತು.

ಖರ್ಚು ಒಟ್ಟು 8,660 ರೂಪಾಯಿ. ಅದರಲ್ಲಿ 1,360 ನನ್ನ ತಪ್ಪುಗಳದ್ದು: ತಪ್ಪು ಅಡಾಪ್ಟರ್ 350, ಮೊದಲ ಟಿ 180, ಸೀಳಿದ ಅಕ್ರಿಲಿಕ್ 150, ಲೇತಿನ ಎರಡನೇ ಕೂಲಿ 200, ರಸ್ತೆ ಬದಿಯಲ್ಲಿ ಸುರಿದ ಆಯಿಲ್ 480.

ಉಳಿದಿರುವ ಕೆಲಸ ಒಂದು. ದೂರ ಓಡಿಸಿ ಬಂದ ಮೇಲೆ ಐಡಲಿಂಗ್ ಪ್ರೆಶರ್ 15ರ ಬದಲು 12 ತೋರಿಸುತ್ತಿದೆ. ಹೆಬ್ಬಾಳದಲ್ಲಿ ಹಳೇ ಆಯಿಲ್ ಜೊತೆ ಬೇರೆ ಆಯಿಲ್ ಬೆರೆಸಿದ್ದೆ. ಮುಂದಿನ ವಾರ ಆಯಿಲ್, ಫಿಲ್ಟರ್ ಎರಡೂ ಬದಲಾಯಿಸಿ, ಅದೇ ನಂದಿ ರಸ್ತೆಯಲ್ಲಿ ಓಡಿಸಿ, ಅಪ್ಪನ ನೋಟ್‌ಬುಕ್ಕಿನ ಇವತ್ತಿನ ಅಂಕಿಗಳ ಪಕ್ಕದಲ್ಲೇ ಹೊಸದನ್ನು ಬರೆಯುತ್ತೇವೆ.